ಎಂ.ಎಸ್ಸಿ. ಓದಿದರೆ ವೈದ್ಯಕೀಯದ ಬಾಗಿಲು ತೆರೆಯುವುದೇ? ಹಾಸನ, ಚಿಕ್ಕಮಗಳೂರಿನ ವಿಜ್ಞಾನ ಪದವೀಧರರಿಗೊಂದು ವಿವರಣೆ

ಹಾಸನದ ಸರ್ಕಾರಿ ವಿಜ್ಞಾನ ಕಾಲೇಜಿನಲ್ಲೋ ಚಿಕ್ಕಮಗಳೂರಿನ ಐಡಿಎಸ್‌ಜಿ ಕಾಲೇಜಿನಲ್ಲೋ ಬಿ.ಎಸ್ಸಿ. ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಅನೇಕರು ಪಿಯುಸಿಯಲ್ಲಿ ಪಿಸಿಎಂಬಿ ತೆಗೆದುಕೊಂಡು, ನೀಟ್ ಬರೆದು, ಸರ್ಕಾರಿ ಸೀಟಿನ ಕಟ್ ಆಫ್ ಮುಟ್ಟಲಾಗದೆ, ಖಾಸಗಿ ಕಾಲೇಜಿನ ಶುಲ್ಕ ಕಟ್ಟುವ ಶಕ್ತಿ ಮನೆಯಲ್ಲಿ ಇಲ್ಲದೆ ಪದವಿಗೆ ಬಂದವರು. ಸೇರಿದ್ದು ಸಿಬಿಜೆಡ್‌ಗೆ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಆದರೂ ಮನಸ್ಸು ವೈದ್ಯಕೀಯವನ್ನು ಪೂರ್ತಿ ಬಿಟ್ಟಿರುವುದಿಲ್ಲ. ಮೂರನೆಯ ವರ್ಷ ಮುಗಿಯುವ ಹೊತ್ತಿಗೆ ಅವರಿಗೂ ಅವರ ತಂದೆತಾಯಿಗೂ ಒಂದು ಪ್ರಶ್ನೆ ಎದುರಾಗುತ್ತದೆ: ಜೀವರಸಾಯನಶಾಸ್ತ್ರದಲ್ಲೋ ಸೂಕ್ಷ್ಮಜೀವಿಶಾಸ್ತ್ರದಲ್ಲೋ ಎಂ.ಎಸ್ಸಿ. ಮಾಡಿಕೊಂಡರೆ ಮುಂದೆ ಎಂ.ಬಿ.ಬಿ.ಎಸ್. ಸೇರಲು ಅನುಕೂಲವಾಗುತ್ತದೆಯೇ? ಅಂತರ್ಜಾಲದಲ್ಲಿ ಹುಡುಕಿದವರಿಗೆ ಹೌದು ಎಂಬ ಉತ್ತರ ಧಾರಾಳವಾಗಿ ಸಿಗುತ್ತದೆ. ಆ ಉತ್ತರ ಸುಳ್ಳಲ್ಲ. ಆದರೆ ಅದು ಅಮೆರಿಕದ ವಿದ್ಯಾರ್ಥಿಗೆ ಹೇಳಿದ ಉತ್ತರ. ಅದನ್ನು ನಮ್ಮ ಊರಿಗೆ ಹಾಗೆಯೇ ಅನ್ವಯಿಸಿಕೊಂಡರೆ ಎರಡು ವರ್ಷ ಮತ್ತು ಒಂದಿಷ್ಟು ಹಣ ಉದ್ದೇಶ ತಪ್ಪಿ ಖರ್ಚಾಗುತ್ತವೆ. ಆದ್ದರಿಂದ ಆ ಉತ್ತರ ಎಲ್ಲಿ ಹುಟ್ಟಿತು, ಅಲ್ಲಿ ಅದು ಏಕೆ ಸರಿ, ಇಲ್ಲಿ ಏಕೆ ಅಲ್ಲ, ಮತ್ತು ಸ್ನಾತಕೋತ್ತರ ಓದು ಆರೋಗ್ಯ ಕ್ಷೇತ್ರದಲ್ಲಿ ನಿಜವಾಗಿ ಯಾವ ಕೆಲಸಗಳಿಗೆ ಒಯ್ಯುತ್ತದೆ ಎಂಬುದನ್ನು ಬಿಡಿಸಿ ನೋಡುವುದು ಅಗತ್ಯ.

ಅಮೆರಿಕದಲ್ಲಿ ಹನ್ನೆರಡನೆಯ ತರಗತಿ ಮುಗಿಸಿದವರು ಸಾಮಾನ್ಯವಾಗಿ ನೇರವಾಗಿ ವೈದ್ಯಕೀಯ ಕಾಲೇಜಿಗೆ ಹೋಗುವುದಿಲ್ಲ. ಮೊದಲು ನಾಲ್ಕು ವರ್ಷದ ಪದವಿ, ಆಮೇಲೆ ನಾಲ್ಕು ವರ್ಷದ ಎಂ.ಡಿ. (ಅಲ್ಲಿ ಅದೇ ಮೂಲ ವೈದ್ಯ ಪದವಿ). ಈ ಕ್ರಮ ಗಟ್ಟಿಯಾದದ್ದು 1910ರಲ್ಲಿ ಅಬ್ರಹಾಂ ಫ್ಲೆಕ್ಸ್ನರ್ ಅಲ್ಲಿನ ವೈದ್ಯಕೀಯ ಶಾಲೆಗಳನ್ನು ಸುತ್ತಿ ನೋಡಿ ಬರೆದ ವರದಿಯ ನಂತರ. ಪ್ರಯೋಗಾಲಯದ ವಿಜ್ಞಾನವನ್ನು ಕಾಲೇಜಿನಲ್ಲಿ ಕಲಿಯದವರನ್ನು ವೈದ್ಯಕೀಯಕ್ಕೆ ಸೇರಿಸಿಕೊಳ್ಳಬಾರದು ಎಂಬ ಆತನ ವಾದ ಒಪ್ಪಿತವಾಯಿತು, ಹಣಕ್ಕಾಗಿಯೇ ನಡೆಯುತ್ತಿದ್ದ ಅನೇಕ ಶಾಲೆಗಳು ಮುಚ್ಚಿದವು. ಹೀಗಾಗಿ ಅಲ್ಲಿ ಪದವಿಯ ವರ್ಷಗಳೇ ವೈದ್ಯಕೀಯದ ತಯಾರಿಯ ವರ್ಷಗಳು. ವಿದ್ಯಾರ್ಥಿ ಯಾವ ವಿಷಯದಲ್ಲಿ ಪದವಿ ಪಡೆದರೂ ಜೀವಶಾಸ್ತ್ರ, ಸಾಮಾನ್ಯ ರಸಾಯನಶಾಸ್ತ್ರ, ಸಾವಯವ ರಸಾಯನಶಾಸ್ತ್ರ, ಭೌತಶಾಸ್ತ್ರ, ಈಚೆಗೆ ಜೀವರಸಾಯನಶಾಸ್ತ್ರ ಇವುಗಳನ್ನು ಓದಿರಬೇಕು ಎಂದು ಹೆಚ್ಚಿನ ಕಾಲೇಜುಗಳು ಬಯಸುತ್ತವೆ. ಅದರ ಮೇಲೆ ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆ ಇದೆ. ನಾಲ್ಕು ವಿಭಾಗಗಳ ಈ ಪರೀಕ್ಷೆಯಲ್ಲಿ ಅಂಕ 472ರಿಂದ 528ರವರೆಗೆ ಹೋಗುತ್ತದೆ, ಮತ್ತು 2015ರಿಂದ ಮನಶ್ಶಾಸ್ತ್ರ ಹಾಗೂ ಸಮಾಜಶಾಸ್ತ್ರವೂ ಅದರಲ್ಲಿ ಸೇರಿವೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಅಲ್ಲಿ ಪರೀಕ್ಷೆಯ ಅಂಕವೊಂದೇ ಸೀಟನ್ನು ನಿರ್ಧರಿಸುವುದಿಲ್ಲ. ಪದವಿಯ ಪ್ರತಿ ಸೆಮಿಸ್ಟರಿನ ಅಂಕ, ವಿಜ್ಞಾನ ವಿಷಯಗಳ ಪ್ರತ್ಯೇಕ ಸರಾಸರಿ, ಅಧ್ಯಾಪಕರ ಶಿಫಾರಸು ಪತ್ರ, ಆಸ್ಪತ್ರೆಯಲ್ಲಿ ಮಾಡಿದ ಸೇವೆ, ಸಂದರ್ಶನ ಎಲ್ಲವನ್ನೂ ಪ್ರವೇಶ ಸಮಿತಿ ಒಟ್ಟಿಗೆ ತೂಗುತ್ತದೆ. ಪದವಿಯ ಮೊದಲೆರಡು ವರ್ಷ ಎಡವಿದ ವಿದ್ಯಾರ್ಥಿಗೆ ತಾನು ಈಗ ಬದಲಾಗಿದ್ದೇನೆ ಎಂದು ತೋರಿಸಲು ಒಂದು ಅವಕಾಶ ಬೇಕಾಗುತ್ತದೆ. ಸ್ನಾತಕೋತ್ತರ ಓದು ಆ ಅವಕಾಶವನ್ನು ಒದಗಿಸುತ್ತದೆ. ಇದಕ್ಕೆಂದೇ ರೂಪಿಸಿದ ಒಂದೆರಡು ವರ್ಷದ ವಿಶೇಷ ಸ್ನಾತಕೋತ್ತರ ಕೋರ್ಸುಗಳು ಅಲ್ಲಿ ಇವೆ. ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಶರೀರಕ್ರಿಯಾ ವಿಭಾಗದ ಕೋರ್ಸು 1970ರ ದಶಕದಿಂದ ನಡೆದುಬಂದಿದೆ. ಅದರಲ್ಲಿ ವಿದ್ಯಾರ್ಥಿಗಳು ಎಂ.ಡಿ. ಮೊದಲ ವರ್ಷದ ಪಾಠಗಳನ್ನೇ ಕೇಳಿ, ಅದೇ ಮಟ್ಟದ ಪರೀಕ್ಷೆ ಬರೆಯುತ್ತಾರೆ. ವೈದ್ಯಕೀಯ ವಿದ್ಯಾರ್ಥಿಗಳ ಸಮಕ್ಕೆ ನಿಂತು ಅಂಕ ಪಡೆದವನನ್ನು ಪ್ರವೇಶ ಸಮಿತಿ ಹೊಸ ಕಣ್ಣಿನಿಂದ ನೋಡುತ್ತದೆ ಎಂಬುದೇ ಈ ಕೋರ್ಸುಗಳ ಹಿಂದಿರುವ ಲೆಕ್ಕ.

ಆದರೆ ಅಲ್ಲಿಯೂ ಇದು ಖಚಿತ ದಾರಿಯಲ್ಲ. ಅರ್ಜಿಯಲ್ಲಿ ಪದವಿಯ ಸರಾಸರಿ ಮತ್ತು ಸ್ನಾತಕೋತ್ತರ ಸರಾಸರಿಗಳನ್ನು ಬೇರೆಬೇರೆಯಾಗಿಯೇ ತೋರಿಸಲಾಗುತ್ತದೆ, ಎಂ.ಎಸ್ಸಿ.ಯ ಅಂಕ ಹಳೆಯ ಅಂಕದೊಂದಿಗೆ ಬೆರೆತು ಅದನ್ನು ಮೇಲಕ್ಕೆ ಎತ್ತುವುದಿಲ್ಲ. ಪದವಿಯ ಸರಾಸರಿಯನ್ನೇ ಸರಿಪಡಿಸಬೇಕು ಅನ್ನುವವರು ಪದವಿ ಮಟ್ಟದ ವಿಷಯಗಳನ್ನೇ ಮತ್ತೆ ತೆಗೆದುಕೊಳ್ಳುವ ಬೇರೊಂದು ಬಗೆಯ ಕೋರ್ಸಿಗೆ ಹೋಗುತ್ತಾರೆ. ವಿಶೇಷ ಸ್ನಾತಕೋತ್ತರದಲ್ಲಿ ಅಂಕ ಕಡಿಮೆಯಾದರೆ ಅದು ಅರ್ಹತೆಯ ವಿರುದ್ಧದ ಪುರಾವೆಯಾಗಿಬಿಡುತ್ತದೆ. ಸಾರ್ವಜನಿಕ ಆರೋಗ್ಯದಂಥ ಸ್ನಾತಕೋತ್ತರ ಪದವಿ ಆಸಕ್ತಿಯನ್ನು ತೋರಿಸಬಹುದೇ ಹೊರತು, ಕಠಿಣ ವಿಜ್ಞಾನ ಓದಬಲ್ಲೆ ಎಂಬುದಕ್ಕೆ ಸಾಕ್ಷಿಯಾಗಿ ಅಷ್ಟು ತೂಗುವುದಿಲ್ಲ. ಈ ಸೂಕ್ಷ್ಮಗಳು ವಿಶ್ವವಿದ್ಯಾಲಯಗಳ ಜಾಹೀರಾತಿನಲ್ಲಿ ಕಾಣುವುದಿಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ನಮ್ಮಲ್ಲಿ ಪರಿಸ್ಥಿತಿ ಇದಕ್ಕೆ ತದ್ವಿರುದ್ಧ. ಎಂ.ಬಿ.ಬಿ.ಎಸ್. ನಮ್ಮಲ್ಲಿ ಪಿಯುಸಿ ನಂತರದ ಕೋರ್ಸು. ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಕಡ್ಡಾಯ ಇಂಟರ್ನ್‌ಶಿಪ್. ಸೀಟು ಹಂಚಿಕೆ ನಡೆಯುವುದು ನೀಟ್ ರ‍್ಯಾಂಕ್ ಮತ್ತು ಮೀಸಲಾತಿಯ ವರ್ಗ ಇವುಗಳ ಮೇಲೆ ಮಾತ್ರ. ಸಂದರ್ಶನವಿಲ್ಲ, ಶಿಫಾರಸು ಪತ್ರವಿಲ್ಲ, ಹಿಂದೆ ಏನು ಓದಿದಿರಿ ಎಂದು ತೂಗುವ ಸಮಿತಿಯಿಲ್ಲ. ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರಗಳಲ್ಲಿ ಒಟ್ಟಾಗಿ ಸಾಮಾನ್ಯ ವರ್ಗದವರಿಗೆ ಶೇ. 50, ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗದವರಿಗೆ ಶೇ. 40 ಅಂಕ ಇದ್ದರೆ ಅರ್ಹತೆಯ ಮಾತು ಅಲ್ಲಿಗೆ ಮುಗಿಯಿತು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕೌನ್ಸೆಲಿಂಗ್‌ನಲ್ಲಿ ಆಪ್ಶನ್ ಎಂಟ್ರಿ ಮಾಡುವಾಗ ಎಂ.ಎಸ್ಸಿ. ಚಿನ್ನದ ಪದಕ ಪಡೆದವರಿಗೂ ನಿನ್ನೆ ಪಿಯುಸಿ ಮುಗಿಸಿದವರಿಗೂ ನಡುವೆ ರ‍್ಯಾಂಕ್‌ನ ಹೊರತು ಬೇರೆ ವ್ಯತ್ಯಾಸವಿಲ್ಲ. ಇದು ನ್ಯಾಯವೋ ಅಲ್ಲವೋ ಎಂಬ ಚರ್ಚೆ ಬೇರೆ. ಗ್ರಾಮಾಂತರ ಮತ್ತು ಕನ್ನಡ ಮಾಧ್ಯಮದ ಮೀಸಲಾತಿಯೂ ಶಾಲೆಯಲ್ಲಿ ಓದಿದ ವರ್ಷಗಳನ್ನು ನೋಡುತ್ತದೆಯೇ ಹೊರತು ಪದವಿಯನ್ನಲ್ಲ. ಸಕಲೇಶಪುರದ ಹಳ್ಳಿ ಶಾಲೆಯಲ್ಲಿ ಓದಿದ ಎಂ.ಎಸ್ಸಿ. ಪದವೀಧರೆಗೆ ಕೌನ್ಸೆಲಿಂಗ್‌ನಲ್ಲಿ ಉಪಯೋಗಕ್ಕೆ ಬರುವ ಕಾಗದ ಆಕೆಯ ಶಾಲೆಯ ವ್ಯಾಸಂಗ ಪ್ರಮಾಣಪತ್ರವೇ.

ಹಾಗೆಂದು ಪದವೀಧರರಿಗೆ ನೀಟ್ ಬಾಗಿಲು ಮುಚ್ಚಿಲ್ಲ. ಹಿಂದೆ ಸಾಮಾನ್ಯ ವರ್ಗಕ್ಕೆ 25, ಮೀಸಲು ವರ್ಗಗಳಿಗೆ 30 ವರ್ಷದ ಗರಿಷ್ಠ ವಯೋಮಿತಿ ಇತ್ತು. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಅದನ್ನು ತೆಗೆದುಹಾಕಿತು. ಬಿ.ಎಸ್ಸಿ. ಮುಗಿಸಿದವರೂ ಎಂ.ಎಸ್ಸಿ. ಮುಗಿಸಿದವರೂ ಬರೆಯಬಹುದು, ಕನ್ನಡದಲ್ಲಿಯೂ ಬರೆಯಬಹುದು. ಪ್ರಶ್ನೆ ಇರುವುದು ಎಂ.ಎಸ್ಸಿ. ಓದು ಆ ಪರೀಕ್ಷೆಗೆ ಎಷ್ಟು ನೆರವಾಗುತ್ತದೆ ಎಂಬುದರಲ್ಲಿ. ಈಗಿನ ನೀಟ್‌ನಲ್ಲಿ 180 ಪ್ರಶ್ನೆ, 180 ನಿಮಿಷ, 720 ಅಂಕ. ಇವುಗಳಲ್ಲಿ ಜೀವಶಾಸ್ತ್ರದ 90 ಪ್ರಶ್ನೆಗಳಿಗೆ 360 ಅಂಕ. ಉಳಿದ 360 ಅಂಕ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಗಳಿಗೆ ಸರಿಯಾಗಿ ಅರ್ಧರ್ಧ. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವರು ಭೌತಶಾಸ್ತ್ರದ ಪುಸ್ತಕ ಮುಚ್ಚಿಟ್ಟು ಐದು ವರ್ಷವಾಗಿರುತ್ತದೆ. ತಿರುಗುಚಲನೆ, ವಿದ್ಯುತ್ಕಾಂತೀಯ ಪ್ರೇರಣೆ, ಕಿರಣ ದ್ಯುತಿವಿಜ್ಞಾನ ಇವುಗಳ 45 ಲೆಕ್ಕಗಳನ್ನು ಒಂದು ಗಂಟೆಯೊಳಗೆ ಬಿಡಿಸುವ ಅಭ್ಯಾಸ ಪೂರ್ತಿ ಹೋಗಿರುತ್ತದೆ. ಜೀವಶಾಸ್ತ್ರದಲ್ಲಾದರೂ ಅನುಕೂಲವೇ ಎಂದರೆ, ಅಲ್ಲಿಯೂ ಪ್ರಶ್ನೆಗಳು ಎನ್‌ಸಿಇಆರ್‌ಟಿ ಪುಸ್ತಕದ ಸಾಲುಗಳಿಗೆ ಅಂಟಿಕೊಂಡಿರುತ್ತವೆ. ಸಸ್ಯಗಳ ಕುಟುಂಬ ಲಕ್ಷಣವನ್ನೋ ಕಪ್ಪೆಯ ದೇಹರಚನೆಯನ್ನೋ ಕೇಳುವ ಪ್ರಶ್ನೆಗೆ ಪ್ರೋಟೀನ್ ಶುದ್ಧೀಕರಣದ ಪ್ರಯೋಗ ಮಾಡಿದ ಅನುಭವದಿಂದ ಉತ್ತರ ಬರುವುದಿಲ್ಲ.

ವರ್ಷಗಳ ಲೆಕ್ಕವನ್ನೂ ನೇರವಾಗಿ ಹಾಕಿಕೊಳ್ಳಬೇಕು. 18ಕ್ಕೆ ಪಿಯುಸಿ, 21ಕ್ಕೆ ಬಿ.ಎಸ್ಸಿ., 23ಕ್ಕೆ ಎಂ.ಎಸ್ಸಿ.; ಒಂದು ವರ್ಷ ಲಾಂಗ್ ಟರ್ಮ್ ಕೋಚಿಂಗ್ ಸೇರಿ ಮೊದಲ ಪ್ರಯತ್ನದಲ್ಲೇ ಸೀಟು ಸಿಕ್ಕರೂ ಇಂಟರ್ನ್‌ಶಿಪ್ ಮುಗಿಯುವಾಗ 30 ಹತ್ತಿರ, ಆಮೇಲೆ ಮೂರು ವರ್ಷದ ಎಂ.ಡಿ. ಅಥವಾ ಎಂ.ಎಸ್. ಬೇಕಿದ್ದರೆ 33ರ ಹತ್ತಿರ ಬರುತ್ತದೆ. ಎಂ.ಬಿ.ಬಿ.ಎಸ್. ಮಾಡಲೇಬೇಕೆಂದು ನಿಶ್ಚಯಿಸಿದವರಿಗೆ ನನ್ನ ಅಭಿಪ್ರಾಯ ಇಷ್ಟೇ: ಎಂ.ಎಸ್ಸಿ.ಗೆ ಸೇರಿ ಎರಡು ವರ್ಷ ಕಳೆಯುವ ಬದಲು, ಬಿ.ಎಸ್ಸಿ. ಮುಗಿದ ಕೂಡಲೇ ರಿಪೀಟರ್ಸ್ ಬ್ಯಾಚಿಗೆ ಸೇರಿ ಒಂದು ವರ್ಷವನ್ನು ಪೂರ್ತಿ ಅದಕ್ಕೇ ಕೊಡುವುದು ಹೆಚ್ಚು ಪ್ರಾಮಾಣಿಕ ದಾರಿ. ಎಂ.ಎಸ್ಸಿ. ಓದುತ್ತಲೇ ನೀಟ್ ತಯಾರಿ ನಡೆಸುತ್ತೇನೆ ಎನ್ನುವವರಿಗೆ ಸೆಮಿಸ್ಟರ್ ಪರೀಕ್ಷೆಯೂ ನೀಟೂ ಒಂದೇ ಬೇಸಿಗೆಯಲ್ಲಿ ಎದುರಾಗುತ್ತವೆ, ಎರಡೂ ಅರ್ಧಂಬರ್ಧವಾಗುತ್ತವೆ.

ವಿದೇಶದಲ್ಲಿ ಸ್ನಾತಕೋತ್ತರ ಮಾಡಿ ಅಲ್ಲಿಯೇ ವೈದ್ಯಕೀಯ ಸೇರುವ ಯೋಚನೆಯೂ ಕೆಲವರಲ್ಲಿ ಇದೆ. ಕರ್ನಾಟಕದಲ್ಲಿ 2024ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಪದವಿಯನ್ನು ಕೇಳುವುದರಿಂದ, ನಮ್ಮ ವಿದ್ಯಾರ್ಥಿಗಳಿಗೆ ಇಲ್ಲಿನ ಎಂ.ಎಸ್ಸಿ. ಆ ಕೊರತೆಯನ್ನು ತುಂಬಿಕೊಡುತ್ತದೆ. ಇದು ಅದರ ನಿಜವಾದ ಒಂದು ಉಪಯೋಗ. ಆದರೆ ಅಲ್ಲಿನ ವೈದ್ಯಕೀಯ ಶಾಲೆಗಳಲ್ಲಿ ಬಹಳಷ್ಟು ವಿದೇಶೀ ವಿದ್ಯಾರ್ಥಿಗಳ ಅರ್ಜಿಯನ್ನೇ ಪರಿಗಣಿಸುವುದಿಲ್ಲ. ಪರಿಗಣಿಸುವವುಗಳಲ್ಲಿಯೂ ಹೆಚ್ಚಿನವು ಅಮೆರಿಕದ ಅಥವಾ ಕೆನಡಾದ ಕಾಲೇಜಿನಲ್ಲಿ ಓದಿದ ವಿಷಯಗಳನ್ನು ಕೇಳುತ್ತವೆ, ಕೆಲವು ನಾಲ್ಕೂ ವರ್ಷದ ಶುಲ್ಕ ಕೈಯಲ್ಲಿದೆ ಎಂಬುದಕ್ಕೆ ಮುಂಗಡವಾಗಿ ದಾಖಲೆ ಬಯಸುತ್ತವೆ. ಬ್ರಿಟನ್ ಮತ್ತು ಆಸ್ಟ್ರೇಲಿಯಾಗಳಲ್ಲಿ ಪದವೀಧರರಿಗೆಂದೇ ನಾಲ್ಕು ವರ್ಷದ ವೈದ್ಯಕೀಯ ಕೋರ್ಸುಗಳಿವೆ. ಓದಿ ಊರಿಗೆ ಮರಳಿ ಆಸ್ಪತ್ರೆ ತೆರೆಯುವ ಆಸೆ ಇದ್ದವರು ಇಲ್ಲಿ ಒಂದು ನಿಯಮವನ್ನು ಮೊದಲೇ ಓದಿಕೊಳ್ಳಬೇಕು: ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮಾವಳಿಯ ಪ್ರಕಾರ ವಿದೇಶೀ ವೈದ್ಯಕೀಯ ಕೋರ್ಸು ಕನಿಷ್ಠ 54 ತಿಂಗಳದ್ದಾಗಿರಬೇಕು, ಇಂಗ್ಲಿಷ್ ಮಾಧ್ಯಮದಲ್ಲಿರಬೇಕು, ಜೊತೆಗೆ ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಿರಬೇಕು. ನಾಲ್ಕು ವರ್ಷವೆಂದರೆ 48 ತಿಂಗಳು. ಹೊರಡುವ ಮೊದಲು ನೀಟ್ ಅರ್ಹತೆ ಪಡೆದಿರಬೇಕು ಎಂಬ ಷರತ್ತೂ ಇದೆ. ಏಜೆನ್ಸಿಯವರು ಹೋಟೆಲಿನ ಸಭಾಂಗಣದಲ್ಲಿ ನಡೆಸುವ ಶಿಕ್ಷಣ ಮೇಳಗಳಲ್ಲಿ ಈ ಎರಡು ವಿಷಯಗಳನ್ನು ನೀವಾಗಿಯೇ ಕೇಳಬೇಕಾಗುತ್ತದೆ.

ಹಾಗಾದರೆ ಎಂ.ಎಸ್ಸಿ.ಯಿಂದ ಆರೋಗ್ಯ ಕ್ಷೇತ್ರಕ್ಕೆ ದಾರಿ ಇಲ್ಲವೇ? ಖಂಡಿತ ಇದೆ. ಎಂ.ಬಿ.ಬಿ.ಎಸ್.ನ ಹೊಸ್ತಿಲವರೆಗೆ ಒಯ್ಯುವ ದಾರಿ ಎಂದು ಅದನ್ನು ಎಣಿಸಿದಾಗ ಮಾತ್ರ ನಿರಾಶೆ. ರೋಗಿಯನ್ನು ಮುಟ್ಟಿ ನೋಡಿ ಔಷಧಿ ಬರೆಯುವುದು ಆರೋಗ್ಯ ವ್ಯವಸ್ಥೆಯ ಒಂದು ಭಾಗ. ಉಳಿದ ಭಾಗಗಳಲ್ಲಿ ಹಲವನ್ನು ವೈದ್ಯರಲ್ಲದವರೇ ನಡೆಸುತ್ತಾರೆ, ಮತ್ತು ಅವುಗಳಿಗೆ ಸ್ನಾತಕೋತ್ತರ ಪದವಿಯೇ ಪ್ರವೇಶಾರ್ಹತೆ.

ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಈಚೆಗೆ ಒಂದು ಉದಾಹರಣೆ ಸಿಕ್ಕಿತು. 2025ರ ಮೇ ಕೊನೆಯಿಂದ ಜುಲೈ ಮೊದಲ ದಿನಗಳವರೆಗಿನ ಸುಮಾರು 40 ದಿನಗಳಲ್ಲಿ ಹಾಸನ ಜಿಲ್ಲೆಯಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರೆಂಬ ಸುದ್ದಿ ದಿನವೂ ಬರತೊಡಗಿತು, ಅವರಲ್ಲಿ ಹಲವರು ಚಿಕ್ಕ ವಯಸ್ಸಿನವರಾಗಿದ್ದರು. ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ರಚಿಸಿತು. ಸಮಿತಿ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿ, ಕೆಲವು ಹೃದಯಕ್ಕೆ ಸಂಬಂಧಿಸಿದವೇ ಅಲ್ಲವೆಂದೂ, ಒಟ್ಟಾರೆ ಅಸಹಜ ಏರಿಕೆ ಕಂಡಿಲ್ಲವೆಂದೂ ಹೇಳಿತು. ಆಪ್ತರನ್ನು ಕಳೆದುಕೊಂಡ ಮನೆಯವರಿಗೆ ಈ ಮಾತು ತಣ್ಣಗೆ ಕೇಳಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ನಿರ್ಣಯಕ್ಕೆ ಬರುವ ವಿಧಾನವನ್ನು ಅರ್ಥಮಾಡಿಕೊಳ್ಳುವುದು ನಮ್ಮ ವಿಷಯಕ್ಕೆ ಮುಖ್ಯ.

20 ಸಾವು ಹೆಚ್ಚೋ ಕಡಿಮೆಯೋ ಎಂದು ಹೃದ್ರೋಗ ತಜ್ಞರ ಸ್ಟೆತಸ್ಕೋಪ್ ಹೇಳಲಾರದು. ಅದಕ್ಕೆ ಮೊದಲು ಬೇಕಾದದ್ದು ಛೇದ, ಅಂದರೆ ಎಷ್ಟು ಜನರಲ್ಲಿ ಎಂಬ ಸಂಖ್ಯೆ. 2011ರ ಜನಗಣತಿಯ ಪ್ರಕಾರ ಹಾಸನ ಜಿಲ್ಲೆಯ ಜನಸಂಖ್ಯೆ ಸುಮಾರು 17.76 ಲಕ್ಷ. ವರ್ಷಕ್ಕೆ ಸಾವಿರ ಜನರಿಗೆ ಆರು ಸಾವು ಎಂದು ಒರಟಾಗಿ ಇಟ್ಟುಕೊಂಡರೂ ಜಿಲ್ಲೆಯಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕಿಂತ ಹೆಚ್ಚು, 40 ದಿನಗಳಲ್ಲಿ ಸಾವಿರದ ಮೇಲೆ ಸಾವುಗಳು ಎಂದಿನಂತೆಯೇ ಸಂಭವಿಸುತ್ತವೆ. ಅವುಗಳಲ್ಲಿ ನಾಲ್ಕನೆಯ ಒಂದು ಭಾಗ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಎಂದು ಹಿಡಿದರೂ ಇನ್ನೂರೈವತ್ತು ದಾಟುತ್ತದೆ. ಹಾಗಾದರೆ 20 ಎಂಬುದು ಏನೂ ಅಲ್ಲವೇ? ಹಾಗೂ ಹೇಳುವಂತಿಲ್ಲ. ಇನ್ನೂರೈವತ್ತು ಎಲ್ಲ ವಯಸ್ಸಿನವರ ಲೆಕ್ಕ. ಸುದ್ದಿಯಲ್ಲಿದ್ದವರು ಹೆಚ್ಚಾಗಿ ಕಿರಿಯರು. ಆದ್ದರಿಂದ ಕೇಳಬೇಕಾದ ಪ್ರಶ್ನೆ ಇನ್ನೂ ಕಿರಿದಾಗಬೇಕು: 45ರೊಳಗಿನವರಲ್ಲಿ, ಹಠಾತ್ತಾಗಿ, ಹೃದಯದ ಕಾರಣದಿಂದಲೇ ಆದ ಸಾವುಗಳು ಹಿಂದಿನ ವರ್ಷಗಳ ಇದೇ ತಿಂಗಳುಗಳಲ್ಲಿ ಎಷ್ಟಿದ್ದವು? ಹೃದಯದ ಕಾರಣ ಎಂದು ಯಾವುದನ್ನು ಒಪ್ಪಬೇಕು, ಇಸಿಜಿ ಇದ್ದದ್ದನ್ನೋ, ಮರಣೋತ್ತರ ಪರೀಕ್ಷೆ ಆದದ್ದನ್ನೋ, ಎದೆನೋವು ಅಂದರು ಎಂದು ಮನೆಯವರು ಹೇಳಿದ್ದನ್ನೋ? ಸುದ್ದಿಯಾದ ಮೇಲೆ ವರದಿಯಾಗುವ ಸಾವುಗಳೇ ಹೆಚ್ಚಾಗಿರಬಹುದೇ?

ಈ ಪ್ರಶ್ನೆಗಳನ್ನು ಹೀಗೆ ಜೋಡಿಸುವ ಶಾಸ್ತ್ರಕ್ಕೆ ಸಾಂಕ್ರಾಮಿಕ ರೋಗಶಾಸ್ತ್ರ ಎಂಬ ಹೆಸರಿದ್ದರೂ ಅದು ಅಂಟುರೋಗಗಳಿಗೆ ಸೀಮಿತವಲ್ಲ ಎಂಬುದು ಮೇಲಿನ ಉದಾಹರಣೆಯಿಂದಲೇ ಗೊತ್ತಾಗುತ್ತದೆ. ಇದನ್ನು ಕಲಿಸುವುದು ಎಂ.ಪಿ.ಎಚ್., ಅಂದರೆ ಸಾರ್ವಜನಿಕ ಆರೋಗ್ಯದ ಎರಡು ವರ್ಷದ ಸ್ನಾತಕೋತ್ತರ ಪದವಿ. ಹಲವು ಸಂಸ್ಥೆಗಳಲ್ಲಿ ಇದಕ್ಕೆ ಎಂ.ಬಿ.ಬಿ.ಎಸ್. ಬೇಕಾಗಿಲ್ಲ, ಜೀವವಿಜ್ಞಾನ, ಸಂಖ್ಯಾಶಾಸ್ತ್ರ, ನರ್ಸಿಂಗ್, ಸಮಾಜಕಾರ್ಯ ಓದಿದವರಿಗೂ ಪ್ರವೇಶವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಮಣಿಪಾಲದಲ್ಲಿಯೂ ಈ ಕೋರ್ಸು ಇದೆ. ಜಿಲ್ಲಾ ರೋಗ ಸರ್ವೇಕ್ಷಣಾ ಘಟಕ, ರಾಷ್ಟ್ರೀಯ ಆರೋಗ್ಯ ಅಭಿಯಾನ, ಸ್ವಯಂಸೇವಾ ಸಂಸ್ಥೆಗಳು, ಸಂಶೋಧನಾ ಯೋಜನೆಗಳು ಇವರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತವೆ. ಒಂದು ಮಾತನ್ನು ಮುಚ್ಚಿಡಬಾರದು: ಈ ಹುದ್ದೆಗಳಲ್ಲಿ ಬಹಳಷ್ಟು ಗುತ್ತಿಗೆಯವು, ವರ್ಷವರ್ಷ ನವೀಕರಣವಾಗುವಂಥವು, ಕೆಲವು ಹುದ್ದೆಗಳಿಗೆ ವೈದ್ಯ ಪದವಿ ಇದ್ದವರಿಗೇ ಮೊದಲ ಆದ್ಯತೆ. ಭದ್ರ ಸರ್ಕಾರಿ ನೌಕರಿ ಎಂಬ ನಿರೀಕ್ಷೆಯಿಂದ ಸೇರುವವರು ಈ ಸಂಗತಿಯನ್ನು ತಿಳಿದೇ ಸೇರಬೇಕು.

ಚಿಕ್ಕಮಗಳೂರಿನ ಕಡೆಗೆ ಬಂದರೆ ಪ್ರಯೋಗಾಲಯದ ಎಂ.ಎಸ್ಸಿ.ಗೂ ರೋಗ ನಿಯಂತ್ರಣಕ್ಕೂ ಇರುವ ನಂಟು ಇನ್ನೂ ಸ್ಪಷ್ಟವಾಗುತ್ತದೆ. ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಭಾಗದವರಿಗೆ ಮಂಗನ ಕಾಯಿಲೆಯ ಪರಿಚಯ ಮಾಡಿಸಬೇಕಾಗಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದುದನ್ನು ಬೆನ್ನುಹತ್ತಿ ಗುರುತಿಸಲಾದ ಈ ವೈರಾಣು ಉಣುಗಿನ ಕಡಿತದಿಂದ ಮನುಷ್ಯರಿಗೆ ಬರುತ್ತದೆ. ಚಳಿಗಾಲ ಆರಂಭವಾದ ಮೇಲೆ, ಎಳೆಯ ಉಣುಗುಗಳು ಕಾಡಿನ ನೆಲದಲ್ಲಿ ತುಂಬಿರುವ ತಿಂಗಳುಗಳಲ್ಲಿ ಪ್ರಕರಣಗಳು ಏರುತ್ತವೆ. ಕೀಟತಜ್ಞರ ತಂಡ ಆಗ ಮಾಡುವ ಕೆಲಸವನ್ನು ಹತ್ತಿರದಿಂದ ನೋಡಬೇಕು. ಕೋಲಿಗೆ ಕಟ್ಟಿದ ಬಿಳಿಯ ಫ್ಲಾನೆಲ್ ಬಟ್ಟೆಯನ್ನು ತರಗೆಲೆಗಳ ಮೇಲೆ ನಿಧಾನವಾಗಿ ಎಳೆಯುತ್ತಾ ಹೋಗುತ್ತಾರೆ. ದನವೋ ಮನುಷ್ಯನೋ ಹಾದುಹೋದಾಗ ಹತ್ತಿಕೊಳ್ಳಲು ಕಾದು ಕುಳಿತ ಉಣುಗುಗಳು ಬಟ್ಟೆಗೆ ಅಂಟುತ್ತವೆ. ಎಳ್ಳಿನ ಕಾಳಿಗಿಂತ ಚಿಕ್ಕವಾದ ಅವುಗಳನ್ನು ಚಿಮುಟದಿಂದ ಒಂದೊಂದಾಗಿ ಬಿಡಿಸಿ ಸೀಸೆಗೆ ಹಾಕಿ, ಯಾವ ಕಾಡಿನ ಯಾವ ಜಾಗದ್ದೆಂದು ಬರೆದು ಕಳಿಸಬೇಕು. ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದಡಿ ಯಾವ ಪ್ರಭೇದ ಎಂದು ಗುರುತಿಸಿ, ಪ್ರಭೇದವಾರು ಗುಂಪು ಮಾಡಿ, ವೈರಾಣುವಿಗಾಗಿ ಪರೀಕ್ಷಿಸುತ್ತಾರೆ. ಜ್ವರ ಬಂದವರ ರಕ್ತದ ಮಾದರಿಯ ಆರ್‌ಟಿ-ಪಿಸಿಆರ್ ಪರೀಕ್ಷೆಯೂ ಹೀಗೆಯೇ ತರಬೇತಾದ ಕೈಗಳಲ್ಲಿ ನಡೆಯುತ್ತದೆ. ಉಣುಗು ಸಿಕ್ಕ ಜಾಗದ ಸುತ್ತಲಿನ ಊರುಗಳಿಗೆ ಎಚ್ಚರಿಕೆ ಕೊಡುವುದು, ಕಾಡಿಗೆ ಹೋಗುವವರಿಗೆ ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಡೀಪಾ ಎಣ್ಣೆ ಹಂಚುವುದು ಈ ಮಾಹಿತಿಯನ್ನು ಆಧರಿಸಿರುತ್ತದೆ.

ಇಲ್ಲಿ ಪ್ರಾಣಿಶಾಸ್ತ್ರದ, ಸೂಕ್ಷ್ಮಜೀವಿಶಾಸ್ತ್ರದ, ಜೈವಿಕ ತಂತ್ರಜ್ಞಾನದ ಎಂ.ಎಸ್ಸಿ. ಓದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಸಿಬಿಜೆಡ್‌ನಲ್ಲಿ ಪ್ರಾಣಿಶಾಸ್ತ್ರ ಓದಿ ಏನು ಪ್ರಯೋಜನ ಎಂದು ಕೇಳುವವರಿಗೆ ಮಲೆನಾಡಿನಲ್ಲಿ ನಿಂತು ಕೊಡಬಹುದಾದ ಉತ್ತರ ಇದು. ಆಸಕ್ತರು ಕುವೆಂಪು ವಿಶ್ವವಿದ್ಯಾಲಯದಲ್ಲೋ ಮೈಸೂರಿನಲ್ಲೋ ಎಂ.ಎಸ್ಸಿ. ಮುಗಿಸಿ ಸಿಎಸ್ಐಆರ್ ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಪಡೆದರೆ, 2023ರ ಪರಿಷ್ಕರಣೆಯ ಪ್ರಕಾರ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್‌ನೊಂದಿಗೆ ಸಂಶೋಧನೆಗೆ ಸೇರಬಹುದು.

ವೈದ್ಯಕೀಯ ಕಾಲೇಜಿನೊಳಗೇ ನಡೆಯುವ ಇನ್ನೊಂದು ಬಗೆಯ ಎಂ.ಎಸ್ಸಿ. ಇದೆ, ಹೆಚ್ಚಿನ ಗೊಂದಲ ಅದರ ಸುತ್ತ. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಔಷಧಶಾಸ್ತ್ರ ಈ ವಿಷಯಗಳಲ್ಲಿ ಮೂರು ವರ್ಷದ ಈ ಕೋರ್ಸನ್ನು ಮೆಡಿಕಲ್ ಎಂ.ಎಸ್ಸಿ. ಎನ್ನುತ್ತಾರೆ. ಮೊದಲ ವರ್ಷ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳ ಮೂಲ ವಿಷಯಗಳನ್ನೇ ಓದಿಸುವುದರಿಂದ, ಮುಂದೆ ಇಲ್ಲಿಂದಲೇ ಎಂ.ಬಿ.ಬಿ.ಎಸ್.ಗೆ ಬದಲಾಯಿಸಿಕೊಳ್ಳಬಹುದು ಎಂದು ನಂಬಿಸುವವರಿದ್ದಾರೆ. ಅಂಥ ಅವಕಾಶ ಇಲ್ಲ. ಈ ಪದವಿಯ ಗುರಿ ವೈದ್ಯಕೀಯ ಕಾಲೇಜಿನಲ್ಲಿ ಬೋಧನೆ ಮತ್ತು ಸಂಶೋಧನೆ. ಅದರ ಭವಿಷ್ಯವೋ ನಿಯಮ ಬದಲಾದಂತೆ ಏರಿಳಿದಿದೆ. ವೈದ್ಯರಲ್ಲದ ಬೋಧಕರಿಗೆ ಅಂಗರಚನೆ, ಶರೀರಕ್ರಿಯೆ ವಿಭಾಗಗಳಲ್ಲಿ ಶೇ. 30ರವರೆಗೆ, ಜೀವರಸಾಯನದಲ್ಲಿ ಶೇ. 50ರವರೆಗೆ ಇದ್ದ ಅವಕಾಶ 2020ರ ನಿಯಮಗಳಲ್ಲಿ ಶೇ. 15ಕ್ಕೆ ಇಳಿಯಿತು, ಸೂಕ್ಷ್ಮಜೀವಿಶಾಸ್ತ್ರ ಮತ್ತು ಔಷಧಶಾಸ್ತ್ರಗಳಲ್ಲಿ ಪೂರ್ತಿ ನಿಂತೇಹೋಯಿತು. 2025ರ ಬೋಧಕರ ಅರ್ಹತಾ ನಿಯಮಾವಳಿ ಆ ಎರಡು ವಿಭಾಗಗಳಲ್ಲಿಯೂ ಎಂ.ಎಸ್ಸಿ., ಪಿಎಚ್.ಡಿ. ಪಡೆದವರಿಗೆ ಮತ್ತೆ ಎಡೆಮಾಡಿಕೊಟ್ಟಿತು. ಐದೇ ವರ್ಷದಲ್ಲಿ ಆದ ಈ ಎರಡು ತಿರುವುಗಳ ನಡುವೆ ಕೋರ್ಸು ಸೇರಿದ್ದವರ ಸ್ಥಿತಿಯನ್ನು ಊಹಿಸಿಕೊಳ್ಳಬಹುದು. ಹಾಸನದ ಹಿಮ್ಸ್, ಈಚೆಗೆ ಆರಂಭವಾದ ಚಿಕ್ಕಮಗಳೂರು ವೈದ್ಯಕೀಯ ಕಾಲೇಜು ಹೀಗೆ ಜಿಲ್ಲೆಗೊಂದು ಕಾಲೇಜು ಬಂದಿರುವಾಗ ಬೋಧಕರ ಬೇಡಿಕೆ ಇದ್ದೇ ಇರುತ್ತದೆ. ಆದರೆ ಬರೀ ಎಂ.ಎಸ್ಸಿ. ಟ್ಯೂಟರ್ ಹುದ್ದೆಗೆ ಸಾಕಾಗುತ್ತದೆಯೇ ಹೊರತು, ಸಹಾಯಕ ಪ್ರಾಧ್ಯಾಪಕರಾಗಲು ಪಿಎಚ್.ಡಿ. ಬೇಕು.

ಪಟ್ಟಣದ ಡಯಾಗ್ನೋಸ್ಟಿಕ್ ಲ್ಯಾಬುಗಳಲ್ಲಿ ಎಂ.ಎಸ್ಸಿ.ಯವರ ಸ್ಥಾನವೂ ಇಂಥದೇ ಗಡಿರೇಖೆಯ ಮೇಲಿದೆ. ಪ್ರಯೋಗಾಲಯದ ವರದಿಗೆ ಸ್ನಾತಕೋತ್ತರ ಪದವಿ ಇರುವ ನೋಂದಾಯಿತ ವೈದ್ಯರೇ ಸಹಿ ಮಾಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2017ರ ಡಿಸೆಂಬರ್‌ನಲ್ಲಿ ಹೇಳಿತು. ಆಮೇಲೆ ಕೇಂದ್ರದ ನಿಯಮಗಳಲ್ಲಿ ಅಭಿಪ್ರಾಯ ಸೇರಿಸದೆ ಫಲಿತಾಂಶವನ್ನಷ್ಟೇ ಕೊಡುವ ವರದಿಗಳ ಮಟ್ಟಿಗೆ ಕೆಲವು ಸಡಿಲಿಕೆಗಳಾದವು. ಸಕ್ಕರೆ ಅಂಶ ಇಷ್ಟಿದೆ ಎಂದು ಹೇಳುವುದಕ್ಕೂ, ಆದ್ದರಿಂದ ನಿಮಗೆ ಇಂಥ ಕಾಯಿಲೆ ಇದೆ ಎಂದು ಹೇಳುವುದಕ್ಕೂ ನಡುವಿನ ಗೆರೆ ಅದು. ಸ್ವಂತ ಲ್ಯಾಬ್ ತೆರೆಯುವ ಉದ್ದೇಶದಿಂದ ಎಂ.ಎಸ್ಸಿ. ಮಾಡುವವರು ಈ ಗೆರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಉಳಿದ ದಾರಿಗಳ ಬಗ್ಗೆ ಸಂಕ್ಷೇಪವಾಗಿ ಹೇಳಿದರೆ ಸಾಕು. ಭೌತಶಾಸ್ತ್ರ ಓದಿದವರಿಗೆ ವೈದ್ಯಕೀಯ ಭೌತಶಾಸ್ತ್ರ ಇದೆ: ಕ್ಯಾನ್ಸರ್ ವಿಕಿರಣ ಚಿಕಿತ್ಸೆಯಲ್ಲಿ ಗಡ್ಡೆಗೆ ಎಷ್ಟು ವಿಕಿರಣ ತಲುಪಬೇಕು, ಪಕ್ಕದ ಅಂಗಕ್ಕೆ ಎಷ್ಟು ತಾಗಬಾರದು ಎಂದು ಲೆಕ್ಕ ಹಾಕುವವರು ಇವರೇ, ಮತ್ತು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ ಇವರಿಲ್ಲದೆ ವಿಕಿರಣ ಚಿಕಿತ್ಸಾ ಘಟಕ ನಡೆಸುವಂತಿಲ್ಲ. ಬಿ.ಎಸ್ಸಿ.ಯಲ್ಲಿ ಪಿಸಿಎಂ ಓದಿದವರು ಈ ದಾರಿಯ ಹೆಸರನ್ನೇ ಕೇಳಿರುವುದಿಲ್ಲ. ನನ್ನ ಮಟ್ಟಿಗೆ ಇದು ಇರುವುದರಲ್ಲಿ ತೀರ ಕಡೆಗಣಿತವಾದದ್ದು. ವಾಕ್ ಮತ್ತು ಶ್ರವಣದ ವಿಷಯಕ್ಕೆ 1965ರಲ್ಲಿ ಆರಂಭವಾದ ಮೈಸೂರಿನ ಆಯಿಷ್ ಸಂಸ್ಥೆ ಇದೆ, ಆದರೆ ಅಲ್ಲಿ ಎಂ.ಎಸ್ಸಿ. ಸೇರಲು ಅದೇ ವಿಷಯದ ಪದವಿ ಬೇಕು. ಚಿಕಿತ್ಸಕ ಮನಶ್ಶಾಸ್ತ್ರಕ್ಕೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಕಡ್ಡಾಯ. ಬರೀ ಮನಶ್ಶಾಸ್ತ್ರದ ಎಂ.ಎ. ಅಥವಾ ಎಂ.ಎಸ್ಸಿ. ಅದಕ್ಕೆ ಸಾಲದು. ಸಂಖ್ಯಾಶಾಸ್ತ್ರದವರಿಗೆ ಔಷಧ ಪ್ರಯೋಗಗಳ ದತ್ತಾಂಶ ವಿಶ್ಲೇಷಣೆಯ ಕೆಲಸ ಬೆಂಗಳೂರಿನಲ್ಲಿದೆ.

ಇವೆಲ್ಲದರಲ್ಲಿ ಒಂದೇ ಸೂತ್ರ ಕಾಣುತ್ತದೆ. ಆರೋಗ್ಯ ಕ್ಷೇತ್ರದಲ್ಲಿ ಪದವಿಗೆ ಬೆಲೆ ಬರುವುದು ಅದರ ಹೆಸರಿನಿಂದಲ್ಲ, ಅದನ್ನು ಯಾವ ನಿಯಂತ್ರಣ ಸಂಸ್ಥೆ ಒಪ್ಪಿ ಯಾವ ಕೆಲಸಕ್ಕೆ ಅಧಿಕಾರ ಕೊಡುತ್ತದೆ ಎಂಬುದರಿಂದ. ಕೋರ್ಸಿನ ಹೆಸರಿನಲ್ಲಿ ಕ್ಲಿನಿಕಲ್, ಮೆಡಿಕಲ್, ಹೆಲ್ತ್ ಎಂಬ ಪದಗಳಿದ್ದ ಮಾತ್ರಕ್ಕೆ ಆಸ್ಪತ್ರೆಯ ಬಾಗಿಲು ತೆರೆಯುವುದಿಲ್ಲ. 2021ರಲ್ಲಿ ಬಂದ ಸಹಾಯಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆಯ ನಂತರ ಪ್ರಯೋಗಾಲಯ, ವಿಕಿರಣ, ಫಿಸಿಯೋಥೆರಪಿ, ಆಹಾರಶಾಸ್ತ್ರ ಮುಂತಾದ ವೃತ್ತಿಗಳೂ ನೋಂದಣಿಯ ಚೌಕಟ್ಟಿಗೆ ಬರುತ್ತಿವೆ. ಆದ್ದರಿಂದ ಶುಲ್ಕ ಕಟ್ಟುವ ಮೊದಲು ಮಾಡಬೇಕಾದ ಕೆಲಸ ಹೀಗಿದೆ: ನಿಮಗೆ ಬೇಕಾದ ಹುದ್ದೆಯ ಹಿಂದಿನ ಎರಡು ಮೂರು ನೇಮಕಾತಿ ಅಧಿಸೂಚನೆಗಳನ್ನು ತೆಗೆದು, ವಿದ್ಯಾರ್ಹತೆ ಎಂಬ ಕಾಲಂನಲ್ಲಿ ಏನು ಬರೆದಿದೆ ಎಂದು ಅಕ್ಷರಶಃ ಓದಬೇಕು, ಸರ್ಕಾರಿ ಹುದ್ದೆಯಾದರೆ ಇಲಾಖೆಯ ವೃಂದ ಮತ್ತು ನೇಮಕಾತಿ ನಿಯಮಗಳನ್ನೂ ನೋಡಬೇಕು. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್ಸಿ. ಎಂದಿದೆಯೋ, ವೈದ್ಯಕೀಯ ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್ಸಿ. ಎಂದಿದೆಯೋ, ತತ್ಸಮಾನ ಎಂಬ ಪದ ಇದೆಯೋ ಇಲ್ಲವೋ ಎಂಬುದರ ಮೇಲೆ ಅರ್ಜಿ ಪರಿಶೀಲನೆಯ ಮೇಜಿನಲ್ಲಿ ತೀರ್ಮಾನವಾಗುತ್ತದೆ. ಕಾಲೇಜಿನವರು ತೋರಿಸುವ ಹಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಯಾರು ಯಾವ ಹುದ್ದೆಯಲ್ಲಿದ್ದಾರೆ, ಕಾಯಂ ಅಥವಾ ಗುತ್ತಿಗೆ ಎಂಬುದನ್ನು ವಿಚಾರಿಸಲು ಸಂಕೋಚಪಡಬೇಕಾಗಿಲ್ಲ. ಸಾಧ್ಯವಾದರೆ ಅವರಲ್ಲಿ ಒಬ್ಬಿಬ್ಬರೊಂದಿಗೆ ಪ್ರವೇಶದ ಕೊನೆಯ ದಿನಾಂಕಕ್ಕೆ ಮುಂಚೆಯೇ ಮಾತನಾಡಬೇಕು.